ಜೀಪಿನ ಸ್ಪ್ರಿಂಗ್ ಬುಷ್: ಮನೆಯಲ್ಲೇ ಬದಲಿಸುವ ಕ್ರಮ

ಕೊಯ್ಲು ಹತ್ತಿರ ಬಂತೆಂದರೆ ನಾವು ಬೆಳೆಗಾರರು ಕಣ ತೊಳೆಸುತ್ತೇವೆ, ಪಲ್ಪರ್ ಬಿಚ್ಚಿ ನೋಡುತ್ತೇವೆ, ದೋಟಿಯ ಕತ್ತಿಗೆ ಸಾಣೆ ಹಿಡಿಸುತ್ತೇವೆ. ಜೀಪಿನ ಸರದಿ ಮಾತ್ರ ಅದು ದಾರಿಯಲ್ಲಿ ನಿಂತ ಮೇಲೆಯೇ ಬರುತ್ತದೆ. ಮಳೆಗಾಲದ ಕೆಸರು, ಹಳ್ಳದ ನೀರು, ಕಲ್ಲುದಾರಿ ಇವೆಲ್ಲ ಮೊದಲು ತಿನ್ನುವುದು ಸ್ಪ್ರಿಂಗಿನ ಬುಷ್‌ಗಳನ್ನು. ಆದುದರಿಂದ ಅಕ್ಟೋಬರ್‌ನಲ್ಲೇ, ಅಂದರೆ ಅರೇಬಿಕಾ ಕೊಯ್ಲಿಗೆ ಮುಂಚೆಯೇ, ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಬುಷ್ ಮಾಡುವ ಕೆಲಸ

ನಮ್ಮ ಜೀಪು, ಜಿಪ್ಸಿಗಳಲ್ಲಿ ಆಕ್ಸಲನ್ನು ಹೊತ್ತಿರುವುದು ಕಮಾನ್ ಪಟ್ಟೆಗಳ ಕಟ್ಟು, ಅಂದರೆ ಲೀಫ್ ಸ್ಪ್ರಿಂಗು. ಅದರ ಎರಡು ತುದಿಗಳಲ್ಲೂ ಸುರುಳಿ ಸುತ್ತಿದ ಕಣ್ಣುಗಳಿವೆ. ಒಂದು ಕಣ್ಣು ಪಿನ್ನಿನ ಮೂಲಕ ಚಾಸಿಗೆ ನೇರವಾಗಿ ಸೇರುತ್ತದೆ. ಇನ್ನೊಂದು, ಹಿಂದೆ ಮುಂದೆ ತೂಗಾಡುವ ಶಾಕಲ್‌ಗೆ ಸೇರುತ್ತದೆ. ಹೀಗೆ ಒಂದು ಸ್ಪ್ರಿಂಗಿಗೆ ಮೂರು ಜಾಗಗಳಲ್ಲಿ ಬುಷ್ ಇರುತ್ತದೆ: ಎರಡು ಕಣ್ಣುಗಳಲ್ಲಿ, ಮತ್ತು ಶಾಕಲ್ ಚಾಸಿಗೆ ಸೇರುವಲ್ಲಿ. ಎರಡು ಹೋಳಿನ ರಬ್ಬರ್ ಬುಷ್ ಆದರೆ ಸ್ಪ್ರಿಂಗಿಗೆ 6, ಹಿಂದಿನ ಜೋಡಿಗೆ 12 ಬೇಕು.

50 ಕಿಲೋದ ಚೆರ್ರಿ ಮೂಟೆ ಹತ್ತು ಹೇರಿದರೆ 500 ಕಿಲೋ ಆಯಿತು. ಆ ಭಾರವೆಲ್ಲ ಸ್ಪ್ರಿಂಗಿಗೆ ಇಳಿಯುವುದು ಈ ಪಿನ್ನುಗಳ ಮೂಲಕ. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಇದೇ ಸ್ಪ್ರಿಂಗು. ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಆಕ್ಸಲ್ ಸ್ವಲ್ಪ ಸರಿದು, ಬಂಡಿ ಒಂದು ಕಡೆಗೆ ಎಳೆಯುತ್ತದೆ. ಇಳಿಜಾರಿನ ತಿರುವಿನಲ್ಲಿ, ಹಿಂದೆ ಕೆಲಸದವರು ಕುಳಿತಿರುವಾಗ, ಹೀಗಾಗುವುದು ಆಟದ ಮಾತಲ್ಲ.

ಸವೆದಿದೆಯೇ ಎಂದು ತಿಳಿಯುವುದು

ಹೊರಡುವಾಗ, ಬ್ರೇಕ್ ಹಿಡಿಯುವಾಗ 'ಟಕ್' ಎಂಬ ಸದ್ದು, ಖಾಲಿ ಬಂಡಿ ಹಳ್ಳ ದಿಣ್ಣೆಯಲ್ಲಿ ಕಟಕಟ ಎನ್ನುವುದು, ಬಂಡಿ ಒಂದು ಕಡೆಗೆ ಎಳೆಯುವುದು ಇವು ಲಕ್ಷಣಗಳು. ಬಂಡಿ ನೆಲದ ಮೇಲಿರುವಾಗಲೇ ಟಾರ್ಚ್ ಬಿಟ್ಟು ಕಣ್ಣುಗಳನ್ನು ನೋಡಿ. ಪಿನ್ನು ನಡುವಿನಲ್ಲಿಲ್ಲದೆ ಒಂದು ಬದಿಗೆ ಕುಳಿತಿದ್ದರೆ, ರಬ್ಬರ್ ಹೊರಗೆ ಹಿಸುಕಿಕೊಂಡು ಬಂದಿದ್ದರೆ, ಬುಷ್ ಮುಗಿಯಿತೆಂದು ತಿಳಿಯಿರಿ. ಸಣ್ಣ ಹಾರೆಯಿಂದ ಮೀಟಿದಾಗ ತುಸು ಕೊಟ್ಟು ಹಿಂದಕ್ಕೆ ಬಂದರೆ ರಬ್ಬರ್ ಜೀವಂತವಾಗಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ಬದಲಿಸಲೇಬೇಕು.

ಬಂಡಿಯನ್ನು ನಿಲ್ಲಿಸುವ ಬಗೆ

ಇಲ್ಲಿ ಉದಾಸೀನ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಕಾಫಿ ಒಣಗಿಸುವ ಸಿಮೆಂಟು ಕಣದಂತಹ ಮಟ್ಟವಾದ ಗಟ್ಟಿ ನೆಲವೇ ಬೇಕು. ಎತ್ತದೇ ಇರುವ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ, ನೆಲದ ಮೇಲಿರುವ ಇನ್ನೊಂದು ಚಕ್ರ ಡಿಫರೆನ್ಷಿಯಲ್ ಮೂಲಕ ಉರುಳಬಲ್ಲದು. ಗೇರು ಹಾಕಿದ್ದರೂ ಇದೇ ಗತಿ. ಕಟ್ಟೆಯೊಂದೇ ದಿಕ್ಕು.

ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕಲ್ಲ. ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಬಂಡಿಯನ್ನು ಕೈಯಿಂದ ತಳ್ಳಿ ನೋಡಿ, ಅಲುಗದಿದ್ದರೆ ಮಾತ್ರ ಕೈಹಾಕಿ. ಇಟ್ಟಿಗೆ, ಕೆಂಪುಕಲ್ಲು ಒಮ್ಮೆಲೇ ಸಿಡಿದು ಕುಸಿಯುವ ಪದಾರ್ಥಗಳು, ಅವು ಬೇಡ. ಇನ್ನೊಂದು ಜಾಕನ್ನು ಆಕ್ಸಲ್ ಹೌಸಿಂಗ್ ಕೆಳಗೆ ಕೊಟ್ಟು, ಪಿನ್ನಿನ ಮೇಲಿನ ಒತ್ತಡ ತಪ್ಪುವಷ್ಟು ಏರಿಸಿಕೊಳ್ಳಿ.

ಬಿಚ್ಚುವುದು

ಒಂದು ಸಲಕ್ಕೆ ಒಂದೇ ಸ್ಪ್ರಿಂಗು, ಅದರಲ್ಲೂ ಒಂದೇ ತುದಿ. ಎರಡು ಬದಿಯನ್ನೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಹಿಡಿತವಿಲ್ಲದೆ ಉರುಳುತ್ತದೆ.

ಹಿಂದಿನ ರಾತ್ರಿಯೇ ನಟ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪಿನ್ನು ಹೊಡೆಯುವಾಗ ನಟ್ಟನ್ನು ಪೂರ್ತಿ ತೆಗೆಯದೆ ತುದಿಗೆ ಸಮವಾಗಿರಿಸಿ, ಮರದ ತುಂಡು ಕೊಟ್ಟು ಹೊಡೆದರೆ ಮರೆ ಹಾಳಾಗದು. ಗ್ಯಾಸ್ ಬೆಂಕಿಯಿಂದ ಹಳೆಯ ರಬ್ಬರ್ ಸುಡುವ ಪದ್ಧತಿ ಕೆಲವೆಡೆ ಇದೆ. ಬ್ರೇಕ್ ಹೋಸು, ಇಂಧನದ ಟ್ಯಾಂಕು ಹತ್ತಿರವೇ ಇರುವುದರಿಂದ ಮನೆಯಲ್ಲಿ ಇದು ಖಂಡಿತ ಕೂಡದು.

ಎರಡು ಹೋಳಿನ ಬುಷ್ ಮೀಟಿದರೆ ಬರುತ್ತದೆ. ಹೊರಗೆ ಉಕ್ಕಿನ ಕವಚವಿರುವ ಬುಷ್‌ಗೆ ಉದ್ದನೆಯ ಬೋಲ್ಟು, ವಾಷರು, ಪೈಪಿನ ತುಂಡು ಸೇರಿಸಿ ಎಳೆಯಬೇಕು. ಹ್ಯಾಕ್ಸಾದಿಂದ ಕವಚ ಸೀಳುವುದಾದರೆ ಕಣ್ಣಿಗೆ ಗಾಯವಾಗದಂತೆ ನೋಡಿಕೊಳ್ಳಿ. ಆ ಗಾಯದಿಂದಲೇ ಮುಖ್ಯ ಪಟ್ಟೆ ಬಿರುಕು ಬಿಡುತ್ತದೆ.

ಕಣ್ಣನ್ನು ಎಮರಿ ಕಾಗದದಿಂದ ಉಜ್ಜಿ ಬಿರುಕು ಹುಡುಕಿ. ಪಿನ್ನಿನ ಮೇಲೆ ಉಗುರಿಗೆ ಮೆಟ್ಟಿಲು ಸಿಕ್ಕರೆ, ಶಾಕಲ್ ಪ್ಲೇಟಿನ ತೂತು ಮೊಟ್ಟೆಯಾಕಾರವಾಗಿದ್ದರೆ ಅವನ್ನೂ ಬದಲಿಸಿ. ಹಳೆಯ ಪಿನ್ನಿಗೆ ಹೊಸ ಬುಷ್ ಹಾಕುವುದು ದಂಡ.

ಜೋಡಿಸುವುದು: ಮುಖ್ಯ ಪಾಠ

ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತನ್ನೊಳಗೇ ತಿರುಚಿ ಮತ್ತೆ ಮೊದಲಿನಂತಾಗುತ್ತದೆ. ಈ ಒಂದು ಮಾತು ತಿಳಿದರೆ ಮುಂದಿನ ಎರಡು ನಿಯಮಗಳೂ ತಾವಾಗಿ ತಿಳಿಯುತ್ತವೆ.

ಮೊದಲನೆಯದು, ರಬ್ಬರಿಗೆ ಗ್ರೀಸು, ಎಂಜಿನ್ ಆಯಿಲು, ಡೀಸೆಲ್ ಸೋಕಿಸಬಾರದು. ಪೆಟ್ರೋಲಿಯಂ ಎಣ್ಣೆ ಕುಡಿದ ಸ್ವಾಭಾವಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕೂರಿಸಲು ಸಾಬೂನು ನೀರು ಸಾಕು. ಕಿರಗುಟ್ಟಿತೆಂದು ಆಮೇಲೆ ಎಣ್ಣೆ ಬಿಡುವುದೂ ತಪ್ಪೇ. ಆದರೆ ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್‌ಗೆ ಗ್ರೀಸೇ ಆಹಾರ. ಪಾಲಿಯುರೆಥೇನ್ ಬುಷ್‌ಗೆ ಅದರ ಜೊತೆ ಬರುವ ಗ್ರೀಸನ್ನೇ ಹಚ್ಚಬೇಕು. ತಮ್ಮ ಬಂಡಿಯಲ್ಲಿರುವುದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ಎರಡನೆಯದು, ಬಂಡಿ ಎತ್ತಿರುವಾಗ ನಟ್ಟುಗಳನ್ನು ಬಿಗಿಯಬಾರದು. ಕೈಬಿಗಿ ಮಾಡಿ, ಚಕ್ರಗಳನ್ನು ನೆಲಕ್ಕಿಳಿಸಿ, ಬಂಡಿಯನ್ನು ನಾಲ್ಕಾರು ಸಲ ಕುಲುಕಿ, ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಕುಳಿತ ಅನಂತರ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಸ್ಪ್ರಿಂಗ್ ಜೋತಾಡುವಾಗ ಬಿಗಿದರೆ, ಬಂಡಿ ಇಳಿದೊಡನೆ ರಬ್ಬರ್ ತಿರುಚಿಕೊಂಡು, ಶೆಡ್ಡಿನಲ್ಲಿ ನಿಂತಾಗಲೂ ಹಾಗೆಯೇ ಇರುತ್ತದೆ. ಅದರ ಮೇಲೆ ಮೂಟೆಯ ಭಾರ ಬಿದ್ದಾಗ ಬೇಗನೆ ಹರಿಯುತ್ತದೆ. ಹೊಸ ಬುಷ್ ಬಾಳಿಕೆ ಬರಲಿಲ್ಲವೆಂದು ಅಂಗಡಿಯವರನ್ನು ದೂರುವ ಮೊದಲು, ಬಿಗಿದದ್ದು ಯಾವಾಗ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸ್ಪ್ಲಿಟ್ ಪಿನ್ನು, ನೈಲಾನ್ ನಟ್ಟು ಹೊಸದನ್ನೇ ಹಾಕಿ. ಒಂದು ವಾರ ಓಡಿಸಿ ಮತ್ತೊಮ್ಮೆ ಬಿಗಿ ಪರೀಕ್ಷಿಸಿ.

ಗ್ಯಾರೇಜಿಗೆ ಬಿಡುವ ಕೆಲಸ

ಮಾರುತಿ 800, ಆಲ್ಟೊದಂತಹ ಕಾರುಗಳ ಮುಂದಿನ ಕೆಳತೋಳಿನ ಬುಷ್ ಪ್ರೆಸ್ಸಿನಿಂದ ಕೂರಿಸಬೇಕಾದದ್ದು. ತೋಳನ್ನು ಬಿಚ್ಚಿ ಒಯ್ದು ಪ್ರೆಸ್ ಮಾಡಿಸಿ ತರಬಹುದು. ಅಲ್ಲಿಯೂ ಕೊನೆಯ ಬಿಗಿ ಭಾರದ ಮೇಲೆಯೇ, ಅನಂತರ ಅಲೈನ್‌ಮೆಂಟ್ ತಪ್ಪಿಸಬಾರದು. ಸ್ಟ್ರಟ್ಟಿನ ನೆತ್ತಿಯ ನಡುವಿನ ನಟ್ಟಿಗೆ ಮಾತ್ರ ಕೈಹಾಕಬೇಡಿ. ಅದರ ಕೆಳಗೆ ಒತ್ತಿ ಹಿಡಿದ ಸ್ಪ್ರಿಂಗು ಕಾದು ಕುಳಿತಿದೆ.

ಒಂದು ಜೊತೆ ಒಳ್ಳೆಯ ಸ್ಟ್ಯಾಂಡು ನೆರೆಹೊರೆಯ ಮೂರು ನಾಲ್ಕು ತೋಟಗಳಿಗೆ ಸಾಕಾಗುತ್ತದೆ, ಕೂಡಿ ಕೊಳ್ಳಬಹುದು. ಅಂಗಡಿಗೆ ಹೋಗುವಾಗ ಹಳೆಯ ಬುಷ್ಷನ್ನು ಮಾದರಿಗೆ ಒಯ್ಯಿರಿ. ಬದಲಿಸಿದ ದಿನ ಮತ್ತು ಕಿಲೋಮೀಟರನ್ನು ತೋಟದ ಡೈರಿಯಲ್ಲಿ ಬರೆದಿಟ್ಟರೆ, ಮುಂದಿನ ಸಲ ಯಾವಾಗ ಟಾರ್ಚ್ ಹಿಡಿದು ಬಗ್ಗಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.