ಹೂಂಗುಟ್ಟುವವರ ಪಾಲು

ಕೂಸೇ,

ನಿನ್ನ ಚಾನೆಲ್ಲಿನ ಹೊಸ ಸಂದರ್ಶನವನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಪೂರ್ತಿ ನೋಡಿದೆ. ಬೆಳಿಗ್ಗೆ ಎದ್ದು ಇನ್ನೊಂದು ಸಲ ನೋಡಿದೆ. ರಾತ್ರಿ ಹೆಮ್ಮೆಯಾಗಿತ್ತು, ಬೆಳಿಗ್ಗೆ ಯಾಕೋ ಸರಿಬರಲಿಲ್ಲ. ಫೋನಿನಲ್ಲಿ ಹೇಳಿದರೆ ‘ಆಯ್ತು ಚಿಕ್ಕತಾತ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಚಾಮರಾಜನಗರದ ನಿಮ್ಮ ಮನೆಯ ಮಹಡಿ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡದ್ದು ಜಾಣತನ. ಪ್ಲಾಸ್ಟಿಕ್ ಕುರ್ಚಿಗೆ ಕೆಂಪು ಬಟ್ಟೆ ಹೊದಿಸಿ ‘ವೀಕೆಂಡ್ ವಿತ್ ರಮೇಶ್’ ಕುರ್ಚಿಯ ಹಾಗೆ ಮಾಡಿದ್ದು ನೋಡಿ ನಕ್ಕೆ. ತೆರಕಣಾಂಬಿ ಕಡೆಯ ಆ ನೀಲಗಾರಯ್ಯನನ್ನು ಅಷ್ಟು ದೂರದಿಂದ ಕರೆಸಿ ಕೂರಿಸಿದೆಯಲ್ಲ, ಅದಕ್ಕೆ ನಿನ್ನ ಬೆನ್ನು ತಟ್ಟಬೇಕು. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೆ? ಚಿಕ್ಕಲ್ಲೂರು ಜಾತ್ರೆಗೆ ಚಿಕ್ಕಂದಿನಲ್ಲಿ ನಡೆದು ಹೋದದ್ದು, ದೀಕ್ಷೆ ತೆಗೆದುಕೊಂಡ ದಿನ ಗುರು ಕಿವಿಯಲ್ಲಿ ಹೇಳಿದ್ದನ್ನು ಇವತ್ತಿಗೂ ಯಾರಿಗೂ ಹೇಳದೆ ಇಟ್ಟುಕೊಂಡದ್ದು, ಎಲ್ಲ ಚೆನ್ನಾಗಿ ಬಂದಿದೆ.

ಆಮೇಲೆ ನೀನು ಮಗನ ಸುದ್ದಿ ತೆಗೆದೆ. ‘ಅವ ತಿರುಪ್ಪೂರಲ್ಲಿ ಗಾರ್ಮೆಂಟ್ಸು. ಪದ ಕಲೀನಿಲ್ಲ’ ಅಂದ. ‘ಸೊಸೆ ಚೆನ್ನಾಗಿ ನೋಡ್ಕೋತಾರಾ ತಾತ?’ ಅಂತ ಕೇಳಿದೆ. ‘ಅದ ಯಾಕ ಕೇಳೀಯೆ, ಬುಡು ಕೂಸ’ ಅಂದ. ಅಲ್ಲಿಗೆ ಬಿಡಬೇಕಿತ್ತು. ‘ಪರವಾಗಿಲ್ಲ ಹೇಳಿ, ನಾವು ನಿಮ್ಮ ಮನೆ ಮಕ್ಕಳಲ್ವಾ’ ಅಂದೆ. ಅವನು ಹೆಗಲ ಮೇಲಿನ ಟವಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಇದ್ದ. ಬಾಯಿ ತೆರೆಯುವ ಮೊದಲು ಕೈ ಹಾಗೆ ಆಡುತ್ತಿತ್ತು. ನಿನ್ನ ಕ್ಯಾಮೆರಾಗೆ ಅದು ಕಂಡಿದೆ, ನಿನಗೆ ಕಾಣಲಿಲ್ಲ. ಕೊನೆಗೆ ಹೇಳಿದ. ಹಸಿವಿನ ಮಾತನ್ನು ತಮಾಷೆಯ ಹಾಗೆ ಹೇಳಿದ, ಮಾನ ಉಳಿಸಿಕೊಳ್ಳಲು ಬಡವರು ಹಾಗೇ ಹೇಳುವುದು. ನೀನು ಜೋರಾಗಿ ನಕ್ಕೆ. ಎರಡು ಗಂಟೆಯ ಮಾತಿನಲ್ಲಿ ಆ ನಲವತ್ತು ಸೆಕೆಂಡನ್ನು ಕತ್ತರಿಸಿ, ‘ಸೊಸೆಯ ಬಗ್ಗೆ ನೀಲಗಾರ ತಾತ ಬಿಚ್ಚಿಟ್ಟ ಸತ್ಯ’ ಎಂದು ಹೆಸರಿಟ್ಟು ಬಿಟ್ಟಿದ್ದೀಯ. ನನಗೆ ಅದು ಬಂದದ್ದು ನಿನ್ನಿಂದಲ್ಲ, ಇಲ್ಲಿ ಗುಂಡ್ಲುಪೇಟೆಯಲ್ಲಿ ತರಕಾರಿ ಅಂಗಡಿಯವನ ವಾಟ್ಸ್ಆ್ಯಪಿನಿಂದ.

ನಿನ್ನ ಮುತ್ತಜ್ಜಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನಬೇಕಿತ್ತು. ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ನೀಲಗಾರರಲ್ಲೂ ತಂಬೂರಿಯವನು ಒಂದು ಸೊಲ್ಲು ಎತ್ತಿದರೆ ಹಿಂದೆ ಕೂತವರು ಅದನ್ನು ಹಿಡಿದುಕೊಳ್ಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಯಾವ ಕಡೆ ಹೂಂಗುಟ್ಟುತ್ತೀರೋ ಆ ಕಡೆಗೇ ಕಥೆ ಹರಿಯುವುದು. ನಿನ್ನ ಆ ನಗು ಕೂಡ ಒಂದು ಹೂಂ.

ಕೆ.ಎಲ್. ರಾಹುಲ್ ನಿನಗೆ ಇಷ್ಟವಲ್ಲವೇ? ನಿನ್ನ ಗೋಡೆ ಮೇಲೆ ಪೋಸ್ಟರ್ ಇತ್ತು. ಅವನು ಒಮ್ಮೆ ಹಾರ್ದಿಕ್ ಪಾಂಡ್ಯ ಜೊತೆ ಕರಣ್ ಜೋಹರ್ ಅವರ ‘ಕಾಫಿ ವಿತ್ ಕರಣ್’ ಸೋಫಾದಲ್ಲಿ ಕೂತ. ಆ ಕಾರ್ಯಕ್ರಮದ ಜೀವವೇ ಅದು: ಮೆತ್ತನೆಯ ಸೋಫಾ, ಕೈಯಲ್ಲೊಂದು ಕಪ್ಪು, ‘ನಾವು ನಾವೇ’ ಎನ್ನುವ ಸಲುಗೆ, ಆಮೇಲೆ ಒಂದು ಸಣ್ಣ ಕೆಣಕು. ಪಾಂಡ್ಯ ಹೆಂಗಸರ ಬಗ್ಗೆ ಹಗುರವಾಗಿ ಆಡುತ್ತಾ ಹೋದ. ನಿರೂಪಕರು ತಡೆಯಲಿಲ್ಲ, ನಗುತ್ತಾ ಮುಂದಿನ ಪ್ರಶ್ನೆ ಕೇಳಿದರು. ರಾಹುಲ್ ಆಡಿದ್ದು ಕಡಿಮೆ, ಆದರೆ ಪಕ್ಕದಲ್ಲಿ ಕೂತಿದ್ದ. 2019ರ ಜನವರಿ 6ಕ್ಕೆ ಪ್ರಸಾರವಾಯಿತು, 11ಕ್ಕೆ ಕ್ರಿಕೆಟ್ ಮಂಡಳಿ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ಮನೆಗೆ ಕಳಿಸಿತು. ಹಾಟ್‌ಸ್ಟಾರ್ ಆ ಕಂತನ್ನೇ ತೆಗೆದುಹಾಕಿತು. ಏಪ್ರಿಲ್‌ನಲ್ಲಿ ಓಂಬುಡ್ಸ್‌ಮನ್ ಡಿ.ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು: ಕರ್ತವ್ಯದಲ್ಲಿ ಮಡಿದ ಅರೆಸೇನಾ ಪೇದೆಗಳ ಹತ್ತು ಕುಟುಂಬಗಳಿಗೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್‌ಗೆ ಹತ್ತು ಲಕ್ಷ. ಆಡಿದ ಮಾತಿಗೆ ಆಡಿದವರೇ ಹೊಣೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ನೋಡುತ್ತಿರುವುದು ಎದುರಿನ ಕುರ್ಚಿಯನ್ನು. ಅದಕ್ಕೆ ಏನೂ ಆಗಲಿಲ್ಲ. ಕಾರ್ಯಕ್ರಮ ಮುಂದಿನ ಸೀಸನ್ನಿಗೂ ಬಂತು.

ಕರಣ್ ಜೋಹರ್ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕಾರ್ಯಕ್ರಮ ನನ್ನದು, ಕರೆದವನು ನಾನು, ಹೊಣೆ ನನ್ನದೂ ಹೌದು, ಇದರಿಂದ ರಾತ್ರಿ ನಿದ್ದೆ ಬಂದಿಲ್ಲ ಎಂಬರ್ಥದಲ್ಲಿ ಆ ತಿಂಗಳೇ ಹೇಳಿಕೊಂಡರು. ಹಾಗೆ ಒಪ್ಪಿಕೊಳ್ಳುವ ನಿರೂಪಕರು ಕಡಿಮೆ. ಆದರೆ ಸುರತ್ಕಲ್ಲಿನಲ್ಲಿ ಬೆಳೆದ ನಮ್ಮ ಹುಡುಗ ರಾಹುಲ್ 2024ರಲ್ಲಿ ಬೆಂಗಳೂರಿನ ನಿಖಿಲ್ ಕಾಮತ್ ಪಾಡ್‌ಕಾಸ್ಟಿನಲ್ಲಿ ಮಾತಾಡುತ್ತಾ, ಆ ಸಂದರ್ಶನ ತನ್ನನ್ನು ಬೇರೆಯೇ ಮನುಷ್ಯನನ್ನಾಗಿ ಮಾಡಿತು, ಗಾಯ ಇನ್ನೂ ಇದೆ, ಶಾಲೆಯಲ್ಲೂ ಅಮಾನತಾದವನಲ್ಲ ತಾನು ಎಂದ. ಐದು ವರ್ಷ ಕಳೆದಿತ್ತು ಕೂಸೇ. ಅವನಿಗೆ ವಕೀಲರಿದ್ದರು, ಬ್ಯಾಟಿತ್ತು, ಶತಕ ಹೊಡೆದು ಮರೆಸಬಹುದಿತ್ತು. ನೀಲಗಾರಯ್ಯನ ಸೊಸೆಗೆ ಏನಿದೆ? ನಿನ್ನ ಸಂದರ್ಶನದಲ್ಲಿ ಅವಳು ಕೂತೂ ಇರಲಿಲ್ಲ. ನಾಳೆ ನೀರಿಗೆ ಬಿಂದಿಗೆ ತೆಗೆದುಕೊಂಡು ಹೋದರೆ ನಲ್ಲಿಯ ಹತ್ತಿರ ನಿಂತವರೆಲ್ಲ ಅವಳ ಮುಖ ನೋಡುತ್ತಾರೆ. ಅವಳ ಕಡೆಯ ಮಾತೂ ಒಂದಿರುತ್ತದೆ, ಅದು ಯಾರ ಫೋನಿನಲ್ಲೂ ಇಲ್ಲ.

ರಮೇಶ್ ಅರವಿಂದ್ ಅವರನ್ನು ನೀನು ಮಾದರಿ ಮಾಡಿಕೊಂಡಿದ್ದೀಯ, ತಪ್ಪಿಲ್ಲ. 2014ರಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಮೊದಲು ಕೂರಿಸಿ ‘ವೀಕೆಂಡ್ ವಿತ್ ರಮೇಶ್’ ಶುರುಮಾಡಿದರು. ನಮ್ಮ ಜಿಲ್ಲೆಯ ಸಿಂಗಾನಲ್ಲೂರಿನ ಮನೆತನ ಎಂದು ನಾವು ಬೀಗಿಕೊಂಡು ನೋಡಿದೆವು. ಅತಿಥಿಗೆ ಪಾಠ ಹೇಳಿದ ಮೇಷ್ಟರನ್ನು ಹುಡುಕಿ ಕರೆತರುತ್ತಿದ್ದರಲ್ಲ, ಮೇಷ್ಟರಾಗಿದ್ದ ನನಗೆ ಅದಕ್ಕಿಂತ ಇನ್ನೇನು ಬೇಕು? ಅಲ್ಲಿಯ ತಕರಾರುಗಳು ಬೇರೆ ಜಾತಿಯವು. ಮುಖ್ಯಮಂತ್ರಿಯಾಗಿದ್ದಾಗಲೇ ಸಿದ್ದರಾಮಯ್ಯ ಕೂತಾಗ, ಇದು ಸಾಧನೆಯ ಕುರ್ಚಿಯೋ ಪ್ರಚಾರದ ಕುರ್ಚಿಯೋ ಎನ್ನುವ ಮಾತು ನಮ್ಮ ಕಟ್ಟೆಯ ಮೇಲೂ ಬಂತು. 2023ರ ಮಾರ್ಚ್‌ನಲ್ಲಿ ಐದನೇ ಸೀಸನ್ನಿನ ಮೊದಲ ಅತಿಥಿಯಾಗಿ ರಮ್ಯಾ ಬಂದು ಇಂಗ್ಲಿಷಿನಲ್ಲೇ ಹೆಚ್ಚು ಮಾತಾಡಿದರೆಂದು ಜನ ರೇಗಿದರು. ಬೈಗುಳ ಹೆಚ್ಚಾಗಿ ಬಿದ್ದದ್ದು ಅವರಿಗೇ. ಎದುರಿಗೆ ಕೂತವರು ಒಂದೆರಡು ಕಡೆ ಮೆಲ್ಲಗೆ ಕನ್ನಡದ ದಾರಿಗೆ ತಿರುಗಿಸಿದ್ದರೆ ಅತಿಥಿಗೆ ಆ ಬೈಗುಳ ತಪ್ಪುತ್ತಿತ್ತೇನೋ ಎಂದು ನನಗನ್ನಿಸಿತು. ಅತಿಥಿಯನ್ನು ಅತಿಥಿಯಿಂದಲೇ ಕಾಪಾಡುವುದೂ ನಿರೂಪಣೆಯ ಕೆಲಸ. ಊಟಕ್ಕೆ ಕರೆದವರ ಎಲೆಯಲ್ಲಿ ಕಲ್ಲು ಕಂಡರೆ ಅವರು ಕಚ್ಚುವವರೆಗೆ ಕಾಯುತ್ತೇವಾ?

ಇನ್ನು ಮನೆಜಗಳದ ಕಾರ್ಯಕ್ರಮಗಳು. ಮಾಳವಿಕಾ ಅವಿನಾಶ್ ನಡೆಸಿಕೊಟ್ಟ ‘ಬದುಕು ಜಟಕಾ ಬಂಡಿ’ಯನ್ನು ನಿನ್ನ ಅಜ್ಜಿ ಒಂದು ದಿನ ತಪ್ಪಿಸಿದವಳಲ್ಲ. ಎಷ್ಟೋ ಹೆಂಗಸರಿಗೆ ಕೇಳುವವರೇ ಇಲ್ಲದಾಗ ಅಲ್ಲಿ ಒಂದು ಕಿವಿ ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಒಳಮನೆಯ ಗುಟ್ಟನ್ನು ಬೀದಿಗೆ ತಂದರು ಎಂಬ ದೂರೂ ಕೊನೆಯವರೆಗೆ ಬೆನ್ನು ಬಿಡಲಿಲ್ಲ. ನಮ್ಮ ಊರುಗಳಲ್ಲಿ ಯಜಮಾನರು ಚಾವಡಿ ಮುಂದೆ ಪಂಚಾಯ್ತಿ ಮಾಡುತ್ತಿದ್ದರು. ಅವು ನೆಟ್ಟಗಿದ್ದವು ಎಂದು ನಾನು ಹೇಳೊಲ್ಲ, ದಂಡ ಹಾಕಿ, ಬಹಿಷ್ಕಾರ ಹಾಕಿ ಮನೆ ಮುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಯ ಮಾತು ಊರ ಎಲ್ಲೆಯೊಳಗೇ ಸವೆದು ಹೋಗುತ್ತಿತ್ತು, ಅಷ್ಟೇ. ನಿನ್ನದು ಸವೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಜೆರೆಮಿ ಕೈಲ್ ಎಂಬಾತ 2005ರಿಂದ ಇಂಥದ್ದೇ ಪಂಚಾಯ್ತಿ ನಡೆಸಿದ, ಸುಳ್ಳು ಪತ್ತೆ ಯಂತ್ರವನ್ನೂ ಇಟ್ಟುಕೊಂಡಿದ್ದ. 2019ರ ಮೇ ತಿಂಗಳಲ್ಲಿ ಆ ಪರೀಕ್ಷೆಗೆ ಕೂತಿದ್ದ ಅತಿಥಿಯೊಬ್ಬರು ಪ್ರಸಾರಕ್ಕೆ ಮೊದಲೇ ತೀರಿಕೊಂಡರು. ಚಾನೆಲ್ ಕಾರ್ಯಕ್ರಮವನ್ನೇ ಮುಚ್ಚಿತು. ಸಾವಿಗೆ ಕಾರ್ಯಕ್ರಮವೇ ಕಾರಣ ಎನ್ನಲು ಸಾಕಷ್ಟು ಸಾಕ್ಷ್ಯವಿಲ್ಲ ಎಂದು 2024ರಲ್ಲಿ ವಿಚಾರಣಾಧಿಕಾರಿ ಹೇಳಿದರು. ಇರಬಹುದು. ಕೋರ್ಟು ಕೇಳುವ ಪ್ರಶ್ನೆ ಒಂದು, ದೀಪ ಆರಿಸಿ ಮಲಗಿದ ಮೇಲೆ ನಾವು ಕೇಳಿಕೊಳ್ಳುವುದು ಇನ್ನೊಂದು.

ನಿನ್ನ ಮುಂದಿನ ಕಂತು ತರಕಾರಿಗೆ ಹೊಡೆಯುವ ಔಷಧಿಯ ಬಗ್ಗೆ ಅಂದೆ. ಮಾಡು. ಆದರೆ ಕೇಳಿಸಿಕೋ: ಅಮೆರಿಕದ ಓಪ್ರಾ ವಿನ್‌ಫ್ರೇ 1996ರಲ್ಲಿ ಹುಚ್ಚು ಹಸು ರೋಗದ ಮಾತು ಬಂದಾಗ ಇನ್ನು ಬರ್ಗರ್ ಮುಟ್ಟೆನು ಎಂಬಂಥ ಒಂದೇ ಮಾತು ಆಡಿದರು. ದನದ ಬೆಲೆ ಬಿತ್ತೆಂದು ಟೆಕ್ಸಸ್ಸಿನ ದನ ಸಾಕುವವರು ಕೋರ್ಟಿಗೆ ಎಳೆದರು. 1998ರಲ್ಲಿ ಆಕೆ ಗೆದ್ದರು, ಗೆಲ್ಲಬೇಕಾದದ್ದೇ. ಆದರೆ ಅವರ ಹತ್ತಿರ ವಕೀಲರ ದಂಡೇ ಇತ್ತು. ನೀನು ‘ಗುಂಡ್ಲುಪೇಟೆ ತರಕಾರಿ ವಿಷ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದರೆ ಕೊಳ್ಳಲು ಬರುವ ಕೇರಳದ ಲಾರಿ ನಿಂತು, ಔಷಧಿ ಹೊಡೆಯದವನ ಟೊಮೆಟೊ ಕೂಡ ರಸ್ತೆಗೆ ಬೀಳುತ್ತದೆ. ಯಾವ ಬೆಳೆ, ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂದು ಕೇಳಿ ಬರೆದುಕೋ. ಬಾಯಿಮಾತು ಏನು ಮಾಡುತ್ತದೆಂದು ನಿಮ್ಮ ಊರಿನವರಿಗೆ ಬೇರೆ ಹೇಳಬೇಕೇ? ‘ಚಾಮರಾಜನಗರಕ್ಕೆ ಕಾಲಿಟ್ಟರೆ ಮುಖ್ಯಮಂತ್ರಿ ಕುರ್ಚಿ ಹೋಗುತ್ತದೆ’ ಎಂದು ಅವರಿವರು ಹೇಳಿದ್ದನ್ನೇ ಹೇಳಿ, ದೊಡ್ಡವರು ಎಷ್ಟು ವರ್ಷ ಆ ಕಡೆ ತಲೆಯೇ ಹಾಕಲಿಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯ ಆಮೇಲೂ ಬರುತ್ತಾ ಐದು ವರ್ಷ ಪೂರೈಸಿದರು. ಆದರೂ ಮಾತು ಇನ್ನೂ ಸತ್ತಿಲ್ಲ.

ಇಷ್ಟೆಲ್ಲ ಹೇಳುವ ಯೋಗ್ಯತೆ ನನಗೆ ಬಂದದ್ದು ಪುಸ್ತಕದಿಂದಲ್ಲ. ನಾನು ಹೊಸದಾಗಿ ಮೇಷ್ಟರಾಗಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ನನ್ನ ಕೈಗೆ ಕೊಟ್ಟಿದ್ದರು. ಸೌಂಡ್‌ಸೆಟ್ಟಿನವನು ತಂದ ಆ ಮೈಕಿನಲ್ಲಿ ನನ್ನ ದನಿ ನನಗೇ ಹೊಸದಾಗಿ ಕೇಳಿ ತಲೆ ತಿರುಗಿತ್ತು. ಮುಂದೆ ಕೂತಿದ್ದ ಒಬ್ಬ ರೈತನನ್ನು ವೇದಿಕೆಗೆ ಕರೆದು, ‘ಏನ್ ಗೌಡ್ರೇ, ಮಗ ಏಳನೇ ಕ್ಲಾಸಿಗೆ ಇನ್ನೂ ಎಷ್ಟು ವರ್ಷ ಬಾಡಿಗೆ ಕಟ್ತಾನೆ?’ ಎಂದೆ. ಶಾಮಿಯಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು, ನಕ್ಕು ಮೆಟ್ಟಿಲಿಳಿದು ಹೋದರು. ಸೋಮವಾರ ಹುಡುಗ ಬರಲಿಲ್ಲ. ಮನೆಗೆ ಹೋಗಿ ಕರೆಯಬೇಕೆಂದು ಎರಡು ವಾರ ಅಂದುಕೊಂಡೆ. ಹೋಗುವ ಹೊತ್ತಿಗೆ ಅವನು ಕರಿಕಲ್ಲಿನ ಕ್ವಾರಿಗೆ ಸೇರಿದ್ದ. ಆ ತಂದೆ ನನಗೆ ಮಜ್ಜಿಗೆ ಕೊಟ್ಟು, ಬಿಸಿಲಲ್ಲಿ ಯಾಕೆ ಬಂದ್ರಿ ಮೇಷ್ಟ್ರೇ ಎಂದರು. ಅದರ ಮೇಲೆ ಒಂದು ಮಾತು ಆಡಲಿಲ್ಲ.

ಅವರ ಆ ನಗು ಎಂಥದ್ದೆಂದು ನನಗೆ ಗೊತ್ತಿರುವುದರಿಂದಲೇ ನಿನ್ನ ವಿಡಿಯೋದಲ್ಲಿ ನೀಲಗಾರಯ್ಯನ ತಮಾಷೆಯಲ್ಲೂ ಅದನ್ನು ಗುರುತಿಸಿದೆ.

ಆ ನಲವತ್ತು ಸೆಕೆಂಡನ್ನು ಇವತ್ತೇ ತೆಗೆದುಹಾಕು. ತರಕಾರಿಯವನ ಫೋನಿನಿಂದ ತೆಗೆಯಲಾಗುವುದಿಲ್ಲ, ಗೊತ್ತು. ಪೂರ್ತಿ ಸಂದರ್ಶನದಲ್ಲೂ ಅಷ್ಟನ್ನು ಕತ್ತರಿಸು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ತೆರಕಣಾಂಬಿಯಲ್ಲಿ ಇಳಿ, ನಾನು ಇತ್ತ ಕಡೆಯಿಂದ ಬಂದು ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ಇಬ್ಬರೂ ಅವರ ಮನೆಗೆ ಹೋಗೋಣ. ಎಲೆ ಅಡಿಕೆ ನಾನು ತರುತ್ತೇನೆ. ನಿನ್ನ ರಿಂಗ್ ಲೈಟು, ಮೈಕು ಯಾವುದೂ ಬೇಡ. ಫೋನ್ ಮಾತ್ರ ಪೂರ್ತಿ ಚಾರ್ಜ್ ಮಾಡಿಕೊಂಡು ಬಾ. ಆ ಸೊಸೆಯೂ ಇದ್ದಾಗ, ಅವನು ಹಾಡಿದ್ದನ್ನು ಮೊದಲಿಂದ ಕೊನೆಯವರೆಗೆ ಅವನಿಗೇ ತೋರಿಸಬೇಕು. ಅವನು ಇನ್ನೂ ನೋಡಿಲ್ಲವಂತೆ.

ನಿನ್ನ
ಚಿಕ್ಕತಾತ