ಮೂರನೇ ಗೂಡಿನ ಡಿಸ್ಕ್

ಟ್ರೇ ಎಳೆದು ಎರಡು ನಿಮಿಷ ಆಗಿರಲಿಲ್ಲ, ಲೆಕ್ಕಪತ್ರ ವಿಭಾಗದಿಂದ ಫೋನ್: “ಸಾರ್, ಯಾವ ಫೈಲೂ ಸೇವ್ ಆಗ್ತಿಲ್ಲ.” ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುತ್ತಿದ್ದ ಅದರ ತಟ್ಟೆಗಳು ಮೆಲ್ಲಗೆ ನಿಲ್ಲುತ್ತಿರುವುದು ಅಂಗೈಗೆ ತಿಳಿಯುತ್ತಿತ್ತು.

ಕಚೇರಿಯ ಫೈಲ್ ಸರ್ವರ್ ಲಿನಕ್ಸ್‌ನದು. 4 ಟಿಬಿಯ ನಾಲ್ಕು ಡಿಸ್ಕುಗಳು ರೇಡ್-5ರಲ್ಲಿದ್ದವು. ಒಂದು ಕೆಟ್ಟರೆ ಉಳಿದ ಮೂರರಿಂದ ಲೆಕ್ಕ ಹಾಕಿ ಹೋದದ್ದನ್ನು ಕಟ್ಟಿಕೊಳ್ಳುವ ಏರ್ಪಾಡು ಅದು; ಎರಡು ಹೋದರೆ ಕೈಚೆಲ್ಲುತ್ತದೆ. ‘ಎಸ್‌ಡಿಸಿ’ ಕೆಟ್ಟಿದೆಯೆಂದು ಹಿಂದಿನ ರಾತ್ರಿ ಮೇಲ್ ಬಂದಿತ್ತು. ಎ, ಬಿ, ಸಿ ಎಂದು ಬೆರಳು ಮಡಚಿ, ಮೂರನೇ ಗೂಡಿನ ಟ್ರೇ ಎಳೆದಿದ್ದೆ.

“ಎಸ್‌ಡಿಸಿ ಅಂದ್ರೆ ಮೂರನೇ ಗೂಡು ಅಂತ ನಿನಗ್ಯಾರಪ್ಪಾ ಹೇಳಿದ್ದು?” ಓಡಿಬಂದ ಹಿರಿಯ ಸಹೋದ್ಯೋಗಿ ಕೇಳಿದರು. ಕಣ್ಣಿಗೆ ಬೀಳದಂತೆ ಪೆಟ್ಟಿಗೆಯೊಳಗೆ ಪುಟ್ಟ ಎಸ್‌ಎಸ್‌ಡಿಯೊಂದಿತ್ತು. ಲಿನಕ್ಸ್ ಇದ್ದದ್ದು ಅದರಲ್ಲೇ. ‘ಎ’ ಅದರ ಪಾಲಾಗಿತ್ತು. ಕೆಟ್ಟದ್ದು ಎರಡನೇ ಗೂಡಿನದು, ನಾನು ಎಳೆದದ್ದು ಗಟ್ಟಿಮುಟ್ಟಾದದ್ದನ್ನು. ಈ ಅಕ್ಷರಗಳು ಡಿಸ್ಕುಗಳು ಕರ್ನಲ್‌ನ ಕಣ್ಣಿಗೆ ಬಿದ್ದ ಸರದಿಯಲ್ಲಿ ಸಿಗುವಂಥವು, ರೀಬೂಟ್ ಆದರೆ ಬದಲಾದರೂ ಆದಾವು. ಅದು ಹಾಜರಿ ಪುಸ್ತಕದ ನಂಬರಲ್ಲ, ಕ್ಯೂನಲ್ಲಿ ನಿಂತ ಜಾಗ.

ಗಾಬರಿಯಲ್ಲಿ ಡಿಸ್ಕನ್ನು ವಾಪಸ್ ತುರುಕಿದೆ. ಅದು ‘ಎಸ್‌ಡಿಎಫ್’ ಎಂಬ ಹೊಸ ಹೆಸರು ಹೊತ್ತು ಬಂತು. ರೇಡ್ ನೋಡಿಕೊಳ್ಳುವ ಎಂಡಿಆಡಮ್ ಕಮ್ಯಾಂಡಿನಲ್ಲಿ ‘ಆ್ಯಡ್’ ಕೊಡಲು ಹೊರಟವನ ಕೈಯನ್ನು ಅವರು ಹಿಡಿದರು. ಹಾಗೆ ಸೇರಿಸಿದರೆ ಅದು ಖಾಲಿ ಡಿಸ್ಕೆಂದೇ ಲೆಕ್ಕವಾಗುವ ಅಪಾಯವಿತ್ತು. ಅವರು ಅರೇಯನ್ನು, ಅಂದರೆ ಡಿಸ್ಕುಗಳ ಕೂಟವನ್ನು ನಿಲ್ಲಿಸಿ, ಅದರ ಬದಲಾವಣೆಗಳ ಲೆಕ್ಕವಿಡುವ ‘ಈವೆಂಟ್’ ಎಣಿಕೆಯನ್ನು ಒಂದೊಂದು ಡಿಸ್ಕಿನಲ್ಲೂ ನೋಡಿದರು. ನಾನು ಎಳೆದದ್ದು ಉಳಿದೆರಡಕ್ಕಿಂತ ಕೊಂಚವೇ ಹಿಂದಿತ್ತು. ‘ಫೋರ್ಸ್’ ಹಾಕಿ ಮೂರನ್ನೂ ಜೋಡಿಸಿ, ಫೈಲ್ ಸಿಸ್ಟಮ್ ಪರೀಕ್ಷಿಸಿದರು. ಆ ಗಳಿಗೆಯಲ್ಲಿ ಬರೆಯುತ್ತಿದ್ದ ಎರಡು ಫೈಲು ಹೋದವು, ಮಿಕ್ಕದ್ದು ಉಳಿಯಿತು.

ಕೆಟ್ಟದ್ದನ್ನು ಬದಲಿಸೋಣವೆಂದರೆ, ಮೊದಲು ಬ್ಯಾಕಪ್ ಎಂದರು. ರೀಬಿಲ್ಡ್ ಆಗುವಾಗ ಉಳಿದ ಡಿಸ್ಕುಗಳನ್ನು ತುದಿಯಿಂದ ತುದಿಗೆ ಓದಬೇಕು. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳವು. ಇನ್ನೊಂದು ಕೈಕೊಟ್ಟರೆ ಅದು ಆಗಲೇ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ 7 ಗಂಟೆಗೂ ಹೆಚ್ಚು ಬೇಕು. ನಮ್ಮದು ಮುಗಿದಾಗ ಬೆಳಗಾಗಿತ್ತು.

ಮರುದಿನ ಮೊದಲು ಮಾಡಿದ ಕೆಲಸ, ಪ್ರತಿ ಟ್ರೇಯ ಮುಖಕ್ಕೂ ಅದರ ಡಿಸ್ಕಿನ ಸೀರಿಯಲ್ ನಂಬರ್ ಬರೆದು ಅಂಟಿಸಿದ್ದು. ಅಕ್ಷರ ಬದಲಾದರೂ ಸೀರಿಯಲ್ ಬದಲಾಗದು. ಸ್ಮಾರ್ಟ್‌ಸಿಟಿಎಲ್ ಎಂಬ ಕಮ್ಯಾಂಡ್ ಅದನ್ನು ಟರ್ಮಿನಲ್ಲಿನಲ್ಲೇ ತೋರಿಸುತ್ತದೆ. ಡಿಸ್ಕ್ ಮಾತೇ ಆಡದಷ್ಟು ಕೆಟ್ಟಿದ್ದರೆ ಉಳಿದವುಗಳ ನಂಬರ್ ತಾಳೆ ನೋಡಿ, ಮಿಕ್ಕಿದ್ದೇ ಅದು ಎಂದುಕೊಳ್ಳುತ್ತೇನೆ.

ಆಮೇಲಷ್ಟೇ ಡಿಸ್ಕ್ ಬದಲಿಸುವ ಕ್ರಮ. ಡಿಸ್ಕನ್ನು ‘ಫೇಲ್’ ಎಂದು ಗುರುತಿಸಿ, ಅರೇಯಿಂದ ‘ರಿಮೂವ್’ ಮಾಡಿ, ಕರ್ನಲ್‌ಗೂ ಇದನ್ನು ಬಿಟ್ಟುಬಿಡು ಎಂದು ಹೇಳುವುದು. ಟ್ರೇಯನ್ನು ಒಂದಿಂಚು ಹೊರಗೆಳೆದು, ತಟ್ಟೆ ನಿಲ್ಲುವವರೆಗೆ ಅರ್ಧ ನಿಮಿಷ ಕಾದು, ಪೂರ್ತಿ ತೆಗೆಯುವುದು. ಹೊಸದು ಕಾಣಿಸದಿದ್ದರೆ ಕಂಟ್ರೋಲರನ್ನು ರೀಸ್ಕ್ಯಾನ್ ಮಾಡಿಸಿ, ಸೀರಿಯಲ್ ಖಾತ್ರಿಯಾದ ಮೇಲೆ ‘ಆ್ಯಡ್’.

ಓಡುವ ಮಷೀನಿನಿಂದ ಡಿಸ್ಕ್ ಕಳಚಲು ಸಾಟಾ ಕನೆಕ್ಟರ್‌ನಲ್ಲೇ ಸಿದ್ಧತೆಯಿದೆ: ಗ್ರೌಂಡ್ ಪಿನ್ನುಗಳು ತುಸು ಉದ್ದ, ಕೂರಿಸುವಾಗ ಅವೇ ಮೊದಲು ತಾಗುತ್ತವೆ, ತೆಗೆಯುವಾಗ ಕೊನೆಗೆ ಬಿಡುತ್ತವೆ. ತಪ್ಪು ಟ್ರೇ ಎಳೆಯುವವನನ್ನು ತಡೆಯುವ ಪಿನ್ನು ಮಾತ್ರ ಅದರಲ್ಲಿಲ್ಲ. ಹಾಗಾಗಿ ಈಗಲೂ ಲಾಚ್ ಒತ್ತುವ ಮುನ್ನ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಜೋರಾಗಿ ಓದಿಕೊಳ್ಳುತ್ತೇನೆ, ಸರ್ವರ್ ರೂಮಿನಲ್ಲಿ ನಾನೊಬ್ಬನೇ ಇದ್ದರೂ.