ಕರಡಿ ಓಡಾಡುವ ಕಡೆ ರಾತ್ರಿ ತಂಗುವವರಿಗೆ

ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದು ತೋಟದಲ್ಲೇ ಮಲಗುವ ರೈತರು, ಕಡಲೆಕಾಯಿ ಹೊಲ ಕಾಯುವವರು, ಕುರಿಮಂದೆಯ ಜೊತೆ ಬಯಲಿನಲ್ಲಿ ಬೀಡುಬಿಡುವ ಕುರಿಗಾಹಿಗಳು, ಈಚೆಗೆ ಶನಿವಾರ ಸಂಜೆ ಬೆನ್ನಿಗೆ ಟೆಂಟು ಕಟ್ಟಿಕೊಂಡು ಬೆಟ್ಟ ಹತ್ತುವ ಹುಡುಗರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಯಾಚೆ ರಾತ್ರಿ ಕಳೆಯುವವರು ಹೀಗೆ ಬಗೆಬಗೆಯವರು. ಇವರೆಲ್ಲ ಚಿರತೆಗೆ ಹೆದರುತ್ತಾರೆ. ಕರಡಿಗೆ ಹೆದರಬೇಕಾದಷ್ಟು ಹೆದರುವುದಿಲ್ಲ. ಮನುಷ್ಯನ ಸದ್ದು ಕೇಳಿದ ಚಿರತೆ ಸಾಮಾನ್ಯವಾಗಿ ಸರಿದುಹೋಗುತ್ತದೆ. ಮುಖಾಮುಖಿ ಸಿಕ್ಕಿಬಿದ್ದ ಕರಡಿ ಮಾತ್ರ ಹಿಂದೆ ಮುಂದೆ ನೋಡದೆ ಮೈಮೇಲೆ ಬೀಳುತ್ತದೆ.

ತುರುವೇಕೆರೆ ಕಡೆ ಬಹುಪಾಲು ಕೆರೆ, ಗದ್ದೆ, ತೋಟದ ನೆಲ. ಅಲ್ಲಿ ಅಪಾಯ ಕಡಿಮೆ. ಎಚ್ಚರ ಬೇಕಾದದ್ದು ಗುಡ್ಡದ ಅಂಚಿನಲ್ಲಿ. ಚಿಕ್ಕನಾಯಕನಹಳ್ಳಿಯ ಮದಲಿಂಗನ ಕಣಿವೆಯ ಸುತ್ತಿನ ಗುಡ್ಡಸಾಲು, ಹತ್ಯಾಳು ಬೆಟ್ಟದ ಆಸುಪಾಸು, ಕುರುಚಲು ಬೆಳೆದ ಕಾವಲು ಜಮೀನುಗಳು ಇಂಥ ಜಾಗಗಳು. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಹೆಸರು ಚಿಂಕಾರದ್ದಾದರೂ ಅಲ್ಲಿ ಕರಡಿಗಳೂ ಇವೆ. ಗುಡ್ಡದ ಬುಡದವರೆಗೆ ತೋಟ ಹಬ್ಬಿರುವಾಗ ಕರಡಿಗೂ ಮನುಷ್ಯನಿಗೂ ನಡುವೆ ಉಳಿದಿರುವುದು ಒಂದು ಬೇಲಿ ಅಷ್ಟೆ.

ಪಶ್ಚಿಮಕ್ಕೆ, ಅರಸೀಕೆರೆಯ ಪೂರ್ವದ ಗುಡ್ಡಗಳಲ್ಲಿ ಹಿಂದೊಮ್ಮೆ ಒಂದು ಕರಡಿ ಕುಖ್ಯಾತವಾಗಿತ್ತು. ಅದನ್ನು ಕೊಂದ ಬೇಟೆಗಾರ ಕೆನೆತ್ ಆಂಡರ್ಸನ್ 1957ರ ತನ್ನ ಪುಸ್ತಕದಲ್ಲಿ ಆ ಕತೆ ಬರೆದಿದ್ದಾನೆ. ಅವನ ಲೆಕ್ಕದಲ್ಲಿ ಅದು ಕೊಂದದ್ದು ಕನಿಷ್ಠ 12 ಜನರನ್ನು; ಗಾಯಗೊಂಡವರು ಅದರ ಇಮ್ಮಡಿ. ಬದುಕಿದವರಲ್ಲೂ ಕಣ್ಣು, ಮೂಗು ಕಳೆದುಕೊಂಡವರೇ ಹೆಚ್ಚು. ಅಲ್ಲಿನ ದರ್ಗಾ ನೋಡಿಕೊಳ್ಳುತ್ತಿದ್ದವರ ಮಗ ರಾತ್ರಿ ಮನೆಯಿಂದ ಹೊರಗೆ ಬಂದವನು ಅದಕ್ಕೆ ಬಲಿಯಾದ. ಅಂಥ ಕರಡಿ ಅಪರೂಪ, ನಿಜ. ಆದರೆ ಮನೆ ಬಾಗಿಲಾಚೆಯ ಕತ್ತಲು, ಮುಖಕ್ಕೇ ಬೀಳುವ ಏಟು, ಇವೆರಡೂ ಇಂದಿಗೂ ಕರಡಿ ದಾಳಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳು.

ಮೊದಲು ಪ್ರಾಣಿಯನ್ನು ತಿಳಿಯಿರಿ

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಅಮೆರಿಕದ ಕಂದು ಕರಡಿ, ಕಪ್ಪು ಕರಡಿಗಳಿಗೆ ಹೇಳಿದ್ದು. ಊಟದ ಡಬ್ಬಿಯನ್ನು ಮರಕ್ಕೆ ನೇತುಹಾಕಿ, ಸ್ಪ್ರೇ ಒಯ್ಯಿರಿ ಎನ್ನುತ್ತವೆ. ನಮ್ಮ ಕರಡಿ ಬೇರೆ ಜಾತಿ. ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲ್ದವಡೆಯ ಮುಂದಿನ ಎರಡು ಹಲ್ಲು ಇದಕ್ಕಿಲ್ಲ. ಆ ಸಂದಿಯಿಂದಲೇ ಹುತ್ತದೊಳಗಿನ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಆ ಸದ್ದು ನಿಶ್ಶಬ್ದ ರಾತ್ರಿಯಲ್ಲಿ ನೂರು ಮೀಟರ್ ಆಚೆಗೂ ಕೇಳುತ್ತದೆ. ಹುತ್ತ ಅಗೆಯುವ ಅದೇ ಉಗುರು ಮನುಷ್ಯನ ಮುಖಕ್ಕೆ ತಾಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದರ ಮೂಗು ಬಲು ಚುರುಕು, ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ತಲೆ ಹುತ್ತದಲ್ಲಿ ತೂರಿಸಿ ತಿನ್ನುತ್ತಿರುವಾಗ ನೀವು ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ತಿಳಿದಾಗ ನೀವು ನಾಲ್ಕು ಮಾರು ದೂರದಲ್ಲಿರುತ್ತೀರಿ. ಹುಲಿಯ ಜೊತೆ ಒಂದೇ ಕಾಡಿನಲ್ಲಿ ಬಾಳಿ ಬಂದ ಪ್ರಾಣಿ ಇದು. ಓಡಿ ಬದುಕುವುದಕ್ಕಿಂತ ಎದುರು ನುಗ್ಗಿ ಬದುಕುವುದನ್ನೇ ಕಲಿತಿದೆ. ತಿನ್ನಲೆಂದು ಮನುಷ್ಯನ ಮೇಲೆ ಬರುವುದಿಲ್ಲ, ಬೆಚ್ಚಿ ಬರುತ್ತದೆ. ಆದ್ದರಿಂದ ಕೆಳಗಿನ ಸಲಹೆಗಳೆಲ್ಲದರ ಹಿಂದಿರುವುದು ಒಂದೇ ಮಾತು: ನೀವು ಬರುವುದು ಕರಡಿಗೆ ಮೊದಲೇ ಗೊತ್ತಾಗಲಿ.

1. ಅನುಮತಿ, ಕಾಲ

ಬೆಟ್ಟದ ಮೇಲೆ ಟೆಂಟು ಹಾಕಬೇಕೆನ್ನುವವರು ಆ ಜಾಗ ಯಾರದ್ದೆಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಮೀಸಲು ಅರಣ್ಯವಾದರೆ ಅನುಮತಿ ಇಲ್ಲದೆ ಒಳಹೋಗುವುದೇ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅನುಮತಿ ಸಿಗದಿದ್ದರೆ ಬೆಟ್ಟದ ಕೆಳಗಿನ ಊರಲ್ಲಿ, ಪರಿಚಯದ ತೋಟದ ಮನೆಯಲ್ಲಿ ಉಳಿದು ಬಿಸಿಲೇರಿದ ಮೇಲೆ ಬೆಟ್ಟ ಹತ್ತಿ. ನನ್ನನ್ನು ಕೇಳಿದರೆ ಅನುಮತಿ ಸಿಕ್ಕರೂ ಇದೇ ಮೇಲು.

ಕಾಲವನ್ನೂ ನೋಡಿಕೊಳ್ಳಿ. ಹೆಣ್ಣು ಕರಡಿ ಹೆಚ್ಚಾಗಿ ಡಿಸೆಂಬರ್, ಜನವರಿ ಹೊತ್ತಿಗೆ ಗವಿಯಲ್ಲಿ ಮರಿ ಹಾಕುತ್ತದೆ. ಎರಡು ಮೂರು ತಿಂಗಳ ನಂತರ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಬರುತ್ತದೆ. ಮರಿ ಇರುವ ತಾಯಿಯಷ್ಟು ಅಪಾಯದ ಕರಡಿ ಇನ್ನೊಂದಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಹಲಸು, ನೇರಳೆ ಹಣ್ಣಾಗುತ್ತವೆ. ಮಳೆಗಾಲ ಮುಗಿಯುವಾಗ ಸೀತಾಫಲ, ಹೊಲದಲ್ಲಿ ಕಡಲೆಕಾಯಿ. ಹಣ್ಣು ಇರುವಲ್ಲಿಗೆ ಕರಡಿ ಬಂದೇ ಬರುತ್ತದೆ.

2. ಹಗಲಲ್ಲೇ ಜಾಗ ನೋಡಿ

ಕತ್ತಲಾದ ಮೇಲೆ ಹೋಗಿ ಟೆಂಟು ಬಿಚ್ಚುವುದು ಬೇಡ. ಸಂಜೆ ನಾಲ್ಕು ಗಂಟೆಯೊಳಗೆ ಅಲ್ಲಿರಿ, ಸುತ್ತ ಒಂದು ಸುತ್ತು ಹಾಕಿ, ನೆಲ ನೋಡಿ.

ಹೊಸದಾಗಿ ಅಗೆದ ಹುತ್ತ ಮೊದಲ ಗುರುತು. ಹಂದಿ ಮುಸುಡಿಯಿಂದ ನೆಲವನ್ನು ಮಗುಚಿ ಹಾಕುತ್ತದೆ. ಕರಡಿ ಹುತ್ತಕ್ಕೆ ನೇರವಾಗಿ ತೂತು ಕೊರೆಯುತ್ತದೆ, ಅಂಚಿನಲ್ಲಿ ಉಗುರಿನ ಗೆರೆಗಳು ಎದ್ದು ಕಾಣುತ್ತವೆ. ಎರಡನೆಯದು ಹೆಜ್ಜೆ. ಹಿಂಗಾಲಿನದು ಬರಿಗಾಲಲ್ಲಿ ನಡೆದ ಮನುಷ್ಯನ ಹೆಜ್ಜೆಯಂತೆಯೇ ಇರುತ್ತದೆ. ಮುಂಗಾಲಿನ ಮುಂದೆ ಬೆರಳಿಂದ ಸಾಕಷ್ಟು ದೂರಕ್ಕೆ ಉಗುರಿನ ಚುಕ್ಕಿಗಳು ಸಾಲಾಗಿ ಮೂಡಿರುತ್ತವೆ. ಮೆದು ಮಣ್ಣಿನ ಹೊಸ ಹೆಜ್ಜೆಯಾದರೆ ಆ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಬಹುದು. ಮೂರನೆಯದು ಹಿಕ್ಕೆ: ಅದರಲ್ಲಿ ಎಲಚಿ ಬೀಜ, ಹಲಸಿನ ಬೀಜ, ಗೆದ್ದಲ ಸಿಪ್ಪೆ ಇರುತ್ತದೆ. ಈ ಮೂರರಲ್ಲಿ ಒಂದು ಹೊಸದಾಗಿ ಕಂಡರೂ ಅಲ್ಲಿ ಉಳಿಯಬೇಡಿ.

ಗುರುತು ಕಾಣದಿದ್ದರೂ ಬಂಡೆಗಳ ಗವಿಯ ಬಾಯಿ, ಲಂಟಾನದ ಪೊದೆ, ಅತ್ತಿ ಆಲದ ಬುಡ, ನೀರಿನ ಗುಂಡಿ, ಪ್ರಾಣಿಗಳು ತುಳಿದು ಆದ ಕಾಲುದಾರಿ, ಇಷ್ಟರ ಹತ್ತಿರ ಬೇಡ. ಸುತ್ತಲೂ ಕಣ್ಣು ಹಾಯುವ ಬಯಲೇ ಲೇಸು. ನೆರಳು, ಗಾಳಿ ಅಂತ ಪೊದೆಯ ಮಗ್ಗುಲಿಗೆ ಹೋಗುವವರು ರಾತ್ರಿಗೆ ನೆರಳು ಯಾಕೆಂದು ಒಂದು ಗಳಿಗೆ ಯೋಚಿಸಿದರೆ ಸಾಕು.

3. ತೋಟದ ಮನೆಯವರಿಗೆ

ತೋಟದಲ್ಲಿ ಉಳಿಯುವವರು ಜಾಗ ಬದಲಿಸುವಂತಿಲ್ಲ. ಅವರು ಬದಲಿಸಬೇಕಾದದ್ದು ಮನೆಯ ಸುತ್ತಲಿನ ಹತ್ತಿಪ್ಪತ್ತು ಮಾರು ನೆಲವನ್ನು. ಮೊದಲು ಸೋಗೆ, ಮಟ್ಟೆಯ ರಾಶಿ ನೋಡಿ. ಕಾಯಿ ಸುಲಿದ ಮೇಲೆ ಮಟ್ಟೆಯನ್ನು ಮನೆಯ ಗೋಡೆಗೇ ಒಟ್ಟುವುದು ನಮ್ಮಲ್ಲಿ ರೂಢಿ. ಒಂದು ಮಳೆ ಬಿದ್ದರೆ ಅಡಿಯಲ್ಲಿ ಗೆದ್ದಲು ಹಿಡಿಯುತ್ತದೆ. ಹಳೆಯ ತಿಪ್ಪೆಯಲ್ಲಿ ಗೊಬ್ಬರದ ಹುಳು, ಅಂದರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ, ತುಂಬಿಕೊಂಡಿರುತ್ತದೆ. ಗೆದ್ದಲೂ ಇಂಥ ಹುಳುಗಳೂ ಕರಡಿಯ ಆಹಾರವೇ. ಮಟ್ಟೆ ರಾಶಿ, ತಿಪ್ಪೆ ಎರಡನ್ನೂ ಮನೆಯಿಂದ, ಮುಖ್ಯವಾಗಿ ಬಚ್ಚಲು, ಶೌಚಾಲಯದ ದಾರಿಯಿಂದ ದೂರ ಇಡಿ. ದುಂಬಿಯ ಕಾಟಕ್ಕೂ ಇದರಿಂದ ಒಂದಿಷ್ಟು ಕಡಿವಾಣ ಬೀಳುತ್ತದೆ.

ತೋಟದ ಬದುವಿನಲ್ಲಿ ಹಲಸಿನ ಮರವಿದ್ದರೆ ಹಣ್ಣಾಗುವ ಮೊದಲೇ ಕಾಯಿ ಇಳಿಸಿ. ಬಿದ್ದು ಒಡೆದ ಹಣ್ಣಿನ ವಾಸನೆ ಹಿಡಿದು ಕರಡಿ ಎಷ್ಟೋ ದೂರದಿಂದ ಬರುತ್ತದೆ, ಒಮ್ಮೆ ಬಂದದ್ದು ಮರುದಿನವೂ ಬರುತ್ತದೆ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಹೋಗುವ ದಾರಿಯ ಎರಡೂ ಬದಿ ಕಳೆ ಕೊಚ್ಚಿ ಮೂರು ಮಾರು ತೆರವಿರಲಿ. ಮೊಬೈಲಿನಿಂದಲೇ ಮೋಟಾರು ಹಾಕುವ ಆಟೊ ಸ್ಟಾರ್ಟರ್ ಈಗ ಎಲ್ಲೆಡೆ ಸಿಗುತ್ತದೆ. ಗುಡ್ಡದ ಬದಿಯ ತೋಟದವರಿಗೆ ಅದು ಸೋಮಾರಿತನವಲ್ಲ, ಪ್ರಾಣ ಉಳಿಸುವ ಸಾಮಾನು.

ಬೇಲಿಗೆ ಕರೆಂಟು ಹರಿಸುವುದು, ಹಣ್ಣಿನಲ್ಲಿ ಸಿಡಿಮದ್ದು ಇಡುವುದು ಬೇಡವೇ ಬೇಡ. ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಕೊಂದರೆ ಜೈಲು. ಅದಕ್ಕಿಂತ ಮೊದಲು ಆ ತಂತಿ ತುಳಿದು ಸಾಯುವವರು ನಿಮ್ಮ ಮನೆಯವರೇ ಆಗಬಹುದು.

4. ಅಡುಗೆ, ಬೆಂಕಿ, ಮಲಗುವುದು

ಅಡುಗೆಯ ಜಾಗ ಮಲಗುವ ಜಾಗದಿಂದ ದೂರವಿರಲಿ. ಬಾಳೆಹಣ್ಣು, ಬೆಲ್ಲ, ಜೇನು, ಕಡಲೆಕಾಯಿ ಟೆಂಟಿನೊಳಗೆ ಬೇಡ. ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ಹಾಕಿ ವಾಹನದಲ್ಲಿಡಿ. ಮರಕ್ಕೆ ನೇತುಹಾಕಿ ಪ್ರಯೋಜನವಿಲ್ಲ. ಜೇನಿಗಾಗಿ ಮರ ಹತ್ತುವ ಪ್ರಾಣಿ ಇದು. ಎಂಜಲು ಸುತ್ತ ಚೆಲ್ಲಬೇಡಿ, ಕಟ್ಟಿ ವಾಪಸ್ ತನ್ನಿ.

ತೋಟದಲ್ಲಾದರೆ ಮಟ್ಟೆಗೆ ಬೆಂಕಿ ಹಾಕಿ ರಾತ್ರಿಯಿಡೀ ಹೊಗೆಯಾಡಲು ಬಿಡಬಹುದು. ಹೊಗೆ ವಾಸನೆಯಿಂದ ಮನುಷ್ಯರಿರುವುದು ಕರಡಿಗೆ ತಿಳಿಯುತ್ತದೆ. ಕಾಡಂಚಿನ ಒಣಹುಲ್ಲಿನಲ್ಲಿ ಇದನ್ನು ಮಾಡಬೇಡಿ, ಒಂದು ಕಿಡಿಗೆ ಗುಡ್ಡವೇ ಹತ್ತಿ ಉರಿಯುತ್ತದೆ. ಬಯಲಿನಲ್ಲಿ ಬರೀ ಕಂಬಳಿ ಹೊದ್ದು ಒಬ್ಬೊಬ್ಬರೇ ದೂರ ದೂರ ಮಲಗುವ ಬದಲು ಒಟ್ಟಿಗೆ ಮಲಗಿ. ಮಂದೆಯ ನಾಯಿ ಒಂದೇ ದಿಕ್ಕಿಗೆ ಬೊಗಳುತ್ತಿದ್ದರೆ ನಾಯಿಯ ಹಿಂದೆ ಹೋಗಬೇಡಿ. ಕರಡಿಯನ್ನು ಕೆಣಕಿದ ನಾಯಿ ಯಜಮಾನನ ಕಾಲಬುಡಕ್ಕೇ ಓಡಿಬರುತ್ತದೆ, ಹಿಂದೆ ಕರಡಿಯೂ.

5. ಚೊಂಬು ಹಿಡಿದು ಹೋಗುವ ಹೊತ್ತು

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ. ಬೆಳಗಿನ ಜಾವದಲ್ಲಿ ಮೇವು ಮುಗಿಸಿದ ಕರಡಿ ಗುಡ್ಡಕ್ಕೆ ಮರಳುತ್ತಿರುತ್ತದೆ. ಅದೇ ಹೊತ್ತಿಗೆ ಮನುಷ್ಯ ಒಬ್ಬನೇ, ಸದ್ದಿಲ್ಲದೆ, ಮರೆ ಹುಡುಕಿ ಪೊದೆಯ ಹತ್ತಿರ ಹೋಗಿ, ಮುಖ ಕರಡಿಯ ಎತ್ತರಕ್ಕೆ ಬರುವಂತೆ ಕುಕ್ಕರಿಸುತ್ತಾನೆ. ಇದಕ್ಕಿಂತ ಕೆಟ್ಟ ಭೇಟಿ ಬೇಕೆಂದರೂ ಸಿಗದು.

ಶೌಚಾಲಯ ಇದ್ದರೆ ಬಳಸಿ. ಇಲ್ಲದಿದ್ದರೆ ಬೆಳಕು ಹರಿಯುವವರೆಗೆ ತಡೆಯಿರಿ. ತಡೆಯಲಾಗದಿದ್ದರೆ ಜೊತೆಗೊಬ್ಬರನ್ನು ಎಬ್ಬಿಸಿ, ನಾಚಿಕೆ ಬೇಡ. ಮೊಬೈಲಿನ ಬೆಳಕು ಸಾಲದು, ದೂರಕ್ಕೆ ಬೀಳುವ ಟಾರ್ಚು ಬೇಕು. ಹೆಜ್ಜೆ ಇಡುವ ಮೊದಲು ಸುತ್ತ ಬೆಳಕು ಹಾಯಿಸಿ, ಕೆಮ್ಮಿ, ಜೋರಾಗಿ ಮಾತಾಡಿ, ದೊಣ್ಣೆಯಿಂದ ನೆಲ ಕುಟ್ಟಿ. ದೊಣ್ಣೆಯ ತುದಿಗೆ ಎತ್ತಿನ ಗೆಜ್ಜೆ ಕಟ್ಟಿಕೊಂಡರೆ ಇನ್ನೂ ಚೆನ್ನ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುವ ಹುಡುಗರಿಗೆ ಹುತ್ತ ಹೀರುವ ಸದ್ದೂ ಕೇಳದು, ಗುರುಗುಟ್ಟುವುದೂ ಕೇಳದು.

6. ಎದುರಿಗೆ ಸಿಕ್ಕರೆ

ದೂರದಲ್ಲಿ ಕಂಡರೆ, ಅದು ನಿಮ್ಮನ್ನು ನೋಡಿಲ್ಲದಿದ್ದರೆ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ಸರಿಯಿರಿ. ನೋಡಿದ್ದರೆ ಓಡಬೇಡಿ. ಡೊಳ್ಳು ಹೊಟ್ಟೆ, ಜೋಲು ಕೂದಲು ನೋಡಿ ಮೋಸಹೋಗಬೇಡಿ, ಅದರ ಓಟ ನಿಮ್ಮ ಓಟಕ್ಕಿಂತ ಜೋರು. ಗುಂಪಿನಲ್ಲಿದ್ದರೆ ಚದುರದೆ ಒತ್ತಾಗಿ ನಿಲ್ಲಿ. ಮುಖ ಅದರತ್ತಲೇ ಇರಲಿ, ಹಿಂದೆ ಹಿಂದೆ ಹೆಜ್ಜೆ ಇಡಿ. ಮರಿ ಕಂಡರೆ ತಾಯಿಗೂ ಮರಿಗೂ ನಡುವೆ ನೀವು ನಿಂತಿಲ್ಲ ತಾನೇ ಎಂದು ಮೊದಲು ನೋಡಿಕೊಳ್ಳಿ. ಕಲ್ಲು ಎಸೆಯಬೇಡಿ.

ಶಾಲೆಯಲ್ಲಿ ಎಲ್ಲರೂ ಓದಿದ ಕತೆಯೊಂದಿದೆ: ಇಬ್ಬರು ಗೆಳೆಯರು, ಒಂದು ಕರಡಿ. ಒಬ್ಬ ಮರ ಹತ್ತಿ ಉಳಿದ, ಇನ್ನೊಬ್ಬ ಉಸಿರು ಬಿಗಿಹಿಡಿದು ಸತ್ತಂತೆ ಮಲಗಿ ಉಳಿದ. ನಮ್ಮ ಕರಡಿಯ ಮಟ್ಟಿಗೆ ಮರ ಹತ್ತಿದವನ ಉಪಾಯ ನಂಬುವಂತಿಲ್ಲ. ಮಲಗಿದವನದು ಅರ್ಧ ಸರಿ. ಕರಡಿ ಮೈಮೇಲೆ ಬಿದ್ದೇಬಿಟ್ಟಿತು ಎನ್ನುವಾಗ ಮಾತ್ರ ಮಲಗಬೇಕು, ಅದೂ ಬೋರಲು. ಮುಖ ನೆಲಕ್ಕೆ ಒತ್ತಿರಲಿ, ಎರಡೂ ಕೈಯ ಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿ, ಮೊಣಕೈಗಳಿಂದ ಕೆನ್ನೆ ಕಾಪಾಡಿಕೊಳ್ಳಿ. ಬೆನ್ನಿಗೆ ಚೀಲವಿದ್ದರೆ ತೆಗೆಯಬೇಡಿ. ಕರಡಿ ಅಪಾಯ ಕಳೆಯಿತೆಂದು ತಿಳಿದರೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅದು ದೂರ ಹೋಯಿತೆಂದು ಖಾತ್ರಿಯಾಗುವವರೆಗೆ ಏಳಬೇಡಿ. ಜೊತೆಯಲ್ಲಿದ್ದವರು ಓಡಿಹೋಗದೆ ಎಲ್ಲರೂ ಸೇರಿ ಕೂಗಿ, ತಗಡು ಬಡಿದು ಅದನ್ನು ಬೆದರಿಸಬೇಕು.

7. ಗಾಯವಾದರೆ

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಒತ್ತಿಹಿಡಿದು 108ಕ್ಕೆ ಫೋನ್ ಮಾಡಿ. ತಲೆಯ ಚರ್ಮ ಕಿತ್ತು ಜೋತಿದ್ದರೆ ಕತ್ತರಿಸಬೇಡಿ, ಜಾಗದಲ್ಲಿ ಕೂರಿಸಿ ಬಟ್ಟೆ ಸುತ್ತಿ. ಸಣ್ಣ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಹಚ್ಚಬೇಡಿ. ಕಾಡುಪ್ರಾಣಿ ಕಚ್ಚಿದರೂ ಪರಚಿದರೂ ರೇಬೀಸ್ ಲಸಿಕೆ, ಟೆಟನಸ್ ಚುಚ್ಚುಮದ್ದು ಬೇಕೇಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ. ಇದನ್ನು ವೈದ್ಯರಿಗೆ ನೆನಪಿಸಲು ಹಿಂಜರಿಯಬೇಡಿ.

ಚಿಕಿತ್ಸೆಯ ಚೀಟಿ, ಬಿಲ್ಲು ಎಲ್ಲ ಜೋಪಾನ ಮಾಡಿ. ಕಾಡುಪ್ರಾಣಿ ದಾಳಿಗೆ ಸರ್ಕಾರದ ಪರಿಹಾರವಿದೆ, ಅರ್ಜಿ ಕೊಡಬೇಕಾದದ್ದು ಅರಣ್ಯ ಇಲಾಖೆಗೆ. ಘಟನೆ ನಡೆದ ದಿನವೇ ಅವರಿಗೆ ತಿಳಿಸಿ ಸ್ಥಳ ಮಹಜರು ಮಾಡಿಸಿದರೆ ಮುಂದೆ ಅಲೆದಾಟ ಕಡಿಮೆ.

ಕೊನೆಗೊಂದು ಮನವಿ. ಹಗಲಲ್ಲಿ ಕರಡಿ ತೋಟದೊಳಗೆ ಸಿಕ್ಕಿಕೊಂಡಿದೆ ಎಂದು ಸುದ್ದಿಯಾದರೆ ಊರಿಗೂರೇ ಮೊಬೈಲು ಹಿಡಿದು ಓಡುತ್ತದೆ. ನಾಲ್ಕು ದಿಕ್ಕಿಗೂ ಜನ ನಿಂತರೆ ಕರಡಿಗೆ ಉಳಿಯುವ ದಾರಿ ಜನರ ಮೇಲೇ. ಗುಡ್ಡದ ಕಡೆಯ ದಾರಿ ಬಿಟ್ಟುಕೊಡಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವಿಡಿಯೊ ಮಾಡುವವರು ದಯವಿಟ್ಟು ಮನೆಗೆ ಹೋಗಿ.